ಬಾಣಂತಿ ಕೋಣೆಗೆ ಬಂದ ನೆಲದ ಗಾಳಿ

ಅವತ್ತು ಎದ್ದ ಮೇಲೆ ಮಾಡಿದ ಕೆಲಸ ಇಷ್ಟು: ಬಾವಿಯಿಂದ ನೀರು ಸೇದಿ ಹಂಡೆ ತುಂಬಿದ್ದು, ಒಲೆಗೆ ತೆಂಗಿನ ಗರಿ ತುರುಕಿ ಹಚ್ಚಿದ್ದು, ರೇಷನ್ ಅಕ್ಕಿಯ ಕಲ್ಲು ಆರಿಸಿದ್ದು, ಮಗುವಿನ ಬಟ್ಟೆ ಒಗೆದು ಹೊಂಗೆಮರದ ಕೆಳಗಿನ ಹಗ್ಗಕ್ಕೆ ಹಾಕಿದ್ದು, ಮೆಣಸು ಜೀರಿಗೆ ಹುರಿದು ಕುಟ್ಟಿದ್ದು, ಬಾಣಂತಿ ಮಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದ್ದು, ಅತ್ತೆ ಹೇಳಿದರೆಂದು ಅಗ್ಗಿಷ್ಟಿಕೆಗೆ ಕೆಂಡ ತುಂಬಿದ್ದು. ಈ ಕೊನೆಯದನ್ನು ಮಾಡಕೂಡದೆಂದು ಯಜಮಾನರು ಹಿಂದಿನ ದಿನವೇ ಹೇಳಿದ್ದರು. ಮಾಡಲೇಬೇಕೆಂದು ಅತ್ತೆ ಹೇಳಿದರು. ಯಜಮಾನರು ಹಿತ್ತಲಲ್ಲಿದ್ದರು, ಅತ್ತೆ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. ಹತ್ತಿರ ನಿಂತವರ ಮಾತು ನಡೆಯಿತು.

ನಮ್ಮ ಮನೆ ಹಲಸೂರಿನಲ್ಲಿ, ಕೆರೆಯಿಂದ ಸ್ವಲ್ಪ ಈಚೆ. ಮಂಗಳೂರು ಹೆಂಚಿನ ಹಳೆಯ ಮನೆ. ಅಡುಗೆಮನೆಯ ಪಕ್ಕದ ಒಳಕೋಣೆಯೇ ಬಾಣಂತಿ ಕೋಣೆ. ಅದಕ್ಕೆ ಒಂದೇ ಕಿಟಕಿ, ಅದೂ ಹಿತ್ತಲ ಕಡೆಗೆ. ಮಾಡು ತಗ್ಗು, ಚೈತ್ರದಲ್ಲಿ ಬಿಸಿಲೇರಿದ ಮೇಲೆ ಹೆಂಚಿನ ಕಾವು ನೇರ ನೆತ್ತಿಗೆ ಇಳಿಯುತ್ತಿತ್ತು. ಅಂಥ ಕೋಣೆಯಲ್ಲಿ ಕಿಟಕಿ ಮುಚ್ಚಿ, ಬಾಣಂತಿಯ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಮಂಚದ ಪಕ್ಕ ಅಗ್ಗಿಷ್ಟಿಕೆ ಇಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ನನಗೂ ಹಾಗೇ ಮಾಡಿದರು. ನಾನು ಹೆತ್ತದ್ದು ಮಾರ್ಗಶಿರದಲ್ಲಾದ್ದರಿಂದ ಹಿತವಾಗಿಯೇ ಇತ್ತು.

ನನ್ನ ಮಗಳ ಪಾಲಿಗೆ ಬಂದದ್ದು ಎರಡು ಸಲವೂ ಚೈತ್ರ. ಮೊದಲ ಹೆರಿಗೆಗೆ ಅವಳು ತವರಿಗೆ ಬಂದಾಗ ಯುದ್ಧ ಜೋರಾಗಿ ನಡೆಯುತ್ತಿತ್ತು. ಹುಟ್ಟಿದ್ದು ಗಂಡು. ತೊಟ್ಟಿಲಿಗೆ ಹಾಕಿ ಹೆಸರಿಡುವ ಹೊತ್ತಿಗೆ ಮೈ ಕಾಯಲು ಶುರುವಾಯಿತು. ಹಾಲು ಬಿಟ್ಟಿತು. ದಂಡಿನ ಆಸ್ಪತ್ರೆಗೆ ಎತ್ತಿಕೊಂಡು ಹೋದೆವು, ಬರಿಗೈಯಲ್ಲಿ ಬಂದೆವು.

ಅದು ಯಾಕೆ ಹೋಯಿತೆಂಬುದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯ. ಕೋಣೆಯ ಸೆಕೆಗೆ ಮಗು ಬಾಡಿತೆಂದು ಯಜಮಾನರು. ಯಾರೋ ಸೆಕೆ ಎಂದು ಕಿಟಕಿ ತೆಗೆದು ಗಾಳಿ ತಾಗಿಸಿದರೆಂದು ಅತ್ತೆ. ಆ "ಯಾರೋ" ಯಜಮಾನರೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೀಗಾಗಿ ಮಗಳು ಎರಡನೆಯ ಸಲ ಬಸುರಿಯಾಗಿ ಬಂದಾಗ ಒಬ್ಬರು ಈ ಸಲ ಕೋಣೆ ತಂಪಾಗಿರಬೇಕು ಎಂದರು, ಇನ್ನೊಬ್ಬರು ಈ ಸಲ ಒಂದು ಎಳೆ ಗಾಳಿಯೂ ನುಗ್ಗಕೂಡದು ಎಂದರು. ಇಬ್ಬರೂ ಅದೇ ಮಗುವನ್ನು ನೆನೆದು ಹೇಳಿದ ಮಾತುಗಳು. ಮಗಳಿಗೆ ಬೇಕಾದದ್ದು ಈ ಮಗು ಉಳಿಯುವುದೊಂದೇ.

ಯಜಮಾನರು ಆಗ ಒಂದು ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರ್. ಲಾರಿಯಿಂದ ಹಿಡಿದು ಆಫೀಸರುಗಳ ಮೆಸ್ಸಿನ ಐಸ್ ಪೆಟ್ಟಿಗೆಯವರೆಗೆ ಕೆಟ್ಟದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯವರನ್ನು ನಮ್ಮೂರಿನ ಹೊರಗೆ ಬೇಲಿ ಹಾಕಿ ಇಟ್ಟಿದ್ದರಲ್ಲ, ಅವರಲ್ಲಿ ಕೆಲವರನ್ನು ಕೆಲಸಕ್ಕೆಂದು ಅಲ್ಲಿಗೂ ಕರೆತರುತ್ತಿದ್ದರು. ಅವರಲ್ಲೊಬ್ಬ ನಲವತ್ತರ ಆಸುಪಾಸಿನವನು, ಪೈಪು ಕೂಡಿಸುವುದರಲ್ಲಿ ಪಳಗಿದ ಕೈ. ಅರ್ಧ ಇಂಗ್ಲಿಷು, ಅರ್ಧ ಹಿಂದೂಸ್ತಾನಿ, ಮಿಕ್ಕದ್ದು ಕೈಸನ್ನೆ. ಅಷ್ಟರಲ್ಲೇ ಯಜಮಾನರ ಜೊತೆ ಮಾತು ಬೆಳೆಸಿದ್ದ. ಅವನು ಹೇಳಿದ್ದನ್ನು ಇವರು ಸಂಜೆ ಕೈಕಾಲು ತೊಳೆದು ಕೂತು ನಮಗೆ ಹೇಳುತ್ತಿದ್ದರು.

"ಅವನ ಊರಲ್ಲಿ ನೆಲ ಕುದಿಯುತ್ತಂತೆ ಅಮ್ಮ," ಎಂದರು ಒಂದು ಸಂಜೆ.

"ಕುದಿಯೋ ನೆಲದ ಮೇಲೆ ಯಾಕಪ್ಪ ಮನೆ ಕಟ್ಕೊಂಡ್ರು? ಬೇರೆ ಜಾಗ ಸಿಗ್ಲಿಲ್ವಂತಾ?" ಎಂದರು ಅತ್ತೆ, ಅವರೆಕಾಳು ಹಿಸುಕುತ್ತಾ.

"ಕೇಳಿಲ್ಲಿ. ತುಂಬ ಆಳದಲ್ಲಿ ಬಂಡೆ ಕಾದಿರುತ್ತೆ. ಮಳೆನೀರು ಸಂದಿಗೊಂದೀಲಿ ಇಳ್ಕೊಂಡು ಅಲ್ಲಿಗೆ ಹೋಗಿ ಹಬೆ ಆಗುತ್ತೆ. ಮೇಲೆ ಗಟ್ಟಿ ಕಲ್ಲು ಮುಚ್ಚಳದ ಥರ ಕೂತಿರುತ್ತೆ. ಇವ್ರು ಆ ಮುಚ್ಚಳಕ್ಕೆ ತೂತು ಕೊರೆದು ಪೈಪು ಇಳಿಸ್ತಾರೆ. ಹಬೆ ಬುಸ್ಸಂತ ಮೇಲೆ ಬರುತ್ತೆ."

"ಇಡ್ಲಿಗೆ ಒಳ್ಳೇದು."

"ಇಡ್ಲಿ ಅಲ್ಲಮ್ಮ, ಚಕ್ರ ತಿರುಗಿಸ್ತಾರೆ. ಶಿವನಸಮುದ್ರದಲ್ಲಿ ನೀರು ಬಿದ್ದು ಚಕ್ರ ತಿರುಗುತ್ತಲ್ಲ, ಅಲ್ಲಿ ನೀರಿನ ಬದಲು ಹಬೆ. ಚಕ್ರ ತಿರುಗಿದ್ರೆ ಕರೆಂಟು. ಅದರಲ್ಲಿ ರೈಲು ಓಡ್ಸ್ತಾರಂತೆ. ಸೌದೆ ಬೇಡ, ಕಲ್ಲಿದ್ದಲು ಬೇಡ."

ಸೌದೆಗೆ ಪರದಾಡುತ್ತಿದ್ದ ಕಾಲ. ನನಗೆ ಕಿವಿ ನಿಮಿರಿತು. "ರೀ, ಅಷ್ಟೊಂದು ಬಿಸಿನೀರು ಮಿಕ್ಕಿದ್ದನ್ನ ಏನ್ಮಾಡ್ತಾರೆ?" ಎಂದೆ.

"ಮನೆಮನೆಗೆ ಪೈಪಲ್ಲಿ ಬಿಡ್ತಾರಂತೆ. ಅವರಲ್ಲಿ ಚಳಿ ಅಂದ್ರೆ ನಮ್ಮ ಚಳಿ ಅಲ್ಲ. ಆ ನೀರು ಹರಿದ್ರೆ ಗೋಡೆ ಬೆಚ್ಚಗಾಗುತ್ತಂತೆ."

ಅತ್ತೆ ಇದನ್ನು ಸುಳ್ಳೆನ್ನಲಿಲ್ಲ. ಅವರ ಅಣ್ಣ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. ಕೆಳಗಿಳಿದಷ್ಟೂ ಕಲ್ಲು ಬಿಸಿ, ಬೆನ್ನು ಒರಗಿಸಲಾಗದಷ್ಟು ಬಿಸಿ ಎಂದು ಅವರು ಹೇಳುತ್ತಿದ್ದುದನ್ನು ಅತ್ತೆ ಚಿಕ್ಕಂದಿನಿಂದ ಕೇಳಿದ್ದರು. ಅವರ ತಕರಾರು ಬೇರೆಯಾಗಿತ್ತು, ಅದು ಹೊರಬಿದ್ದದ್ದು ಗುಂಡಿಯ ಮಾತು ಬಂದಾಗ.

ಬಾಂಬು ಬೀಳುತ್ತದೆಂದು ಊರೆಲ್ಲ ಹೆದರಿದ್ದ ವರ್ಷ ನಮ್ಮ ಹಿತ್ತಲಲ್ಲೂ ಒಂದು ಉದ್ದನೆಯ ಗುಂಡಿ ತೋಡಿ, ಮೇಲೆ ಹಲಗೆ ಹಾಸಿ ಮಣ್ಣು ಮುಚ್ಚಿದ್ದೆವು. ಬಾಂಬು ಬೀಳಲಿಲ್ಲ. ಗುಂಡಿ ನನ್ನ ಮೊಸರಿನ ಗಡಿಗೆಗೆ ಉಪಯೋಗಕ್ಕೆ ಬಂತು. ಬೇಸಗೆಯಲ್ಲೂ ಅಲ್ಲಿ ಮೊಸರು ಹುಳಿಯಾಗುತ್ತಿರಲಿಲ್ಲ. ಒಂದು ಸಲ ಕೊಬ್ಬರಿ ಎಣ್ಣೆಯ ಶೀಸೆಯನ್ನೂ ಮರೆತು ಅಲ್ಲೇ ಬಿಟ್ಟೆ. ಪುಷ್ಯದ ಬೆಳಗಿನಲ್ಲಿ ಮನೆಯೊಳಗಿನ ಎಣ್ಣೆ ಬೆಳ್ಳಗೆ ಗಡ್ಡೆ ಕಟ್ಟಿದರೆ ಗುಂಡಿಯದು ಮಂದವಾಗಿತ್ತು, ಅಷ್ಟೇ. ಫಾಲ್ಗುಣದ ಮಧ್ಯಾಹ್ನ ಮನೆಯದು ನೀರಾದರೆ ಗುಂಡಿಯದು ಆಗಲೂ ಮಂದವಾಗಿಯೇ ಇತ್ತು. ಇದನ್ನು ನಾನು ಯಜಮಾನರಿಗೆ ಹೇಳಿದೆ, ಅವರು ಇಟಲಿಯವನಿಗೆ ಹೇಳಿದರು. ಅವನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಮನೆ, ಒಂದು ಕೊಳವೆ ಬರೆದು ತೋರಿಸಿದನಂತೆ.

"ನಮ್ಮಲ್ಲಿ ಹಬೆ ಇಲ್ಲ, ಬಿಡು. ಆದ್ರೆ ಆಳು ಮುಳುಗೋಷ್ಟು ಕೆಳಗೆ ಹೋದ್ರೆ ಸಾಕು, ನೆಲಕ್ಕೆ ಹಗಲು ಯಾವ್ದು, ರಾತ್ರಿ ಯಾವ್ದು, ಬೇಸಿಗೆ ಯಾವ್ದು ಅಂತ ಗೊತ್ತೇ ಆಗಲ್ಲ," ಎಂದರು ಯಜಮಾನರು. "ಅಲ್ಲಿ ಪೈಪು ಹೂತು, ಒಂದು ತುದೀನ ಮರದ ನೆರಳಲ್ಲಿ ಇಟ್ಟು, ಇನ್ನೊಂದನ್ನ ಕೋಣೆಗೆ ತಂದ್ರೆ, ಬಿಸಿಗಾಳಿ ಅದರಲ್ಲಿ ನಡೆದು ಬರೋಷ್ಟರಲ್ಲಿ ತನ್ನ ಬಿಸೀನ ಮಣ್ಣಿಗೆ ಕೊಟ್ಟು ಬರುತ್ತೆ. ಚಳೀಲಿ ಉಲ್ಟಾ. ಮಣ್ಣಿಂದ ಬೆಚ್ಚಗೆ ತಗೊಂಡು ಬರುತ್ತೆ."

"ಮೊನ್ನೆ ನೆಲದೊಳಗೆ ಬೆಂಕಿ ಅಂದೆ. ಇವತ್ತು ತಂಪು ಅಂತೀಯ. ಯಾವ್ದಾದ್ರೂ ಒಂದು ಹೇಳೋ."

"ಎರಡೂ ನಿಜ ಅಮ್ಮ. ಬೆಂಕಿ ಪಾತಾಳದ್ದು. ಇದು ಮೇಲಿನ ಪದರ."

"ಮಧ್ಯದಲ್ಲಿ ಬೇಲಿ ಹಾಕಿದಾರಾ? ತಪ್ಪಿಸ್ಕೊಂಡು ಬಂದ್ರೆ?"

ಮಗಳು ತುಂಬಿದ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಆ ಸಲ ಬಂದಮೇಲೆ ನಕ್ಕದ್ದು ಕಡಿಮೆ. ಅದನ್ನು ನೋಡಿಯೋ ಏನೋ ಅತ್ತೆ, "ಪೈಪು ಹೂತ್ಕೋ, ಅದರಲ್ಲಿ ಏನೂ ಬರಲ್ಲ. ಕಿಟಕಿಗೆ ಮಾತ್ರ ಕೈ ಹಾಕ್ಬೇಡ," ಎಂದು ಒಪ್ಪಿದರು.

ಐಸ್ ಪೆಟ್ಟಿಗೆಯ ವಿಚಾರವನ್ನೂ ಯಜಮಾನರು ಆಗಲೇ ಹೇಳಿದ್ದು. ಅದರ ಹೊಟ್ಟೆ ತಂಪು, ಬೆನ್ನು ಬಿಸಿ. ಒಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುವುದಷ್ಟೇ ಆ ಯಂತ್ರದ ಕೆಲಸ. ಅಂಥ ಯಂತ್ರದ ಒಂದು ಕಡೆಯನ್ನು ಮನೆಗೂ ಇನ್ನೊಂದು ಕಡೆಯನ್ನು ನೆಲಕ್ಕೂ ಕೂಡಿಸಿದರೆ ಬೇಸಗೆಯಲ್ಲಿ ಮನೆಯ ಶಾಖವನ್ನು ನೆಲಕ್ಕೆ ಸುರಿಯಬಹುದು, ಚಳಿಯಲ್ಲಿ ನೆಲದ್ದನ್ನು ಎತ್ತಿ ಮನೆಗೆ ತರಬಹುದು, ಮುಂದೆ ಯಾರಾದರೂ ಹಾಗೆ ಮಾಡುತ್ತಾರೆ ಎಂದರು. ನಮ್ಮ ಮನೆಗೆ ಆಗ ಬಂದಿದ್ದ ಕರೆಂಟು ಒಂದು ಬಲ್ಬಿನದು. ನಾವು ಬರಿಯ ಪೈಪಿಗೆ ತೃಪ್ತರಾದೆವು.

ಪೈಪು ತಂದದ್ದು ಬ್ಲಾಕ್‌ಪಲ್ಲಿಯ ಸಾಬರ ಗುಜರಿ ಅಂಗಡಿಯಿಂದ, ಕೈಗಾಡಿಯಲ್ಲಿ. ಚರಂಡಿಗೆ ಹಾಕುವ ಸುಟ್ಟಮಣ್ಣಿನ ಕೊಳವೆ, ಕಂದು ಹೊಳಪಿನದು. ಮನೆಯೊಳಕ್ಕೆ ಎಂದು ಯಜಮಾನರು ಹೇಳಿದಾಗ, "ಕ್ಯಾ ಭಾಯಿ, ಎಲ್ಲಾರೂ ಗಟಾರ ಮನೆಯಿಂದ ಹೊರಗೆ ಬಿಡ್ತಾರೆ, ನೀವು ಒಳಗೆ ತಗೋತೀರಾ?" ಎಂದು ಸಾಬರು ನಕ್ಕರಂತೆ. ಅತ್ತೆ ನಗಲಿಲ್ಲ. ಬಾಣಂತಿ ಕೋಣೆಗೆ ಕಕ್ಕಸಿನ ಕೊಳವೆಯೇ ಎಂದು ಅಂಗಳದಲ್ಲೇ ತಡೆದರು. ಬಳಸದ ಹೊಸ ಕೊಳವೆ ಎಂದರೂ ಕೇಳದೆ ಒಂದೊಂದನ್ನೂ ಸೀಗೇಪುಡಿಯಲ್ಲಿ ಉಜ್ಜಿಸಿ, ಅರಿಶಿನದ ನೀರು ಹಾಯಿಸಿ, ಬಿಸಿಲಲ್ಲಿ ಸಾಲಾಗಿ ಒಣಗಿಸಿದರು. ಉಜ್ಜಿದವಳು ನಾನು. ಬೀದಿಯವರು ನಾವು ಹಪ್ಪಳದ ಬದಲು ಏನು ಒಣಹಾಕಿದ್ದೇವೆಂದು ಬಂದು ನೋಡಿ ಹೋದರು.

ಯಜಮಾನರು ಆಳಿನೊಂದಿಗೆ ಸೇರಿ ಗುಂಡಿಯನ್ನು ಇನ್ನಷ್ಟು ಆಳ ಮಾಡಿ, ಮನೆಯ ತನಕ ಉದ್ದ ಎಳೆದು, ಕೊಳವೆ ಜೋಡಿಸಿ, ಸಂದಿಗೆ ಗಾರೆ ಮೆತ್ತಿ ಮುಚ್ಚಿದರು. ಹೊರಗಿನ ಬಾಯಿಗೆ ಇಲಿ ಹಾವು ನುಗ್ಗದಂತೆ ತಂತಿಬಲೆ. ಕೋಣೆಯ ಮೂಲೆಯಲ್ಲಿ ಎದ್ದ ಒಳಗಿನ ಬಾಯಿಗೆ ನಾನೇ ಹಳೆಯ ಪಂಚೆಯ ತುಂಡು ಕಟ್ಟಿದೆ.

ಯುಗಾದಿ ಕಳೆದು ಹೆರಿಗೆಯಾಯಿತು. ಹೆಣ್ಣು. ಕೊಳವೆಯಿಂದ ಏನೂ ಬರಲಿಲ್ಲ. ಅತ್ತೆ ಹೇಳಿದ ಹಾಗೇ ಆಯಿತು. ಕೊಳವೆಯ ಬಾಯಿಗೆ ಕೆನ್ನೆ ಇಟ್ಟರೆ ಮಣ್ಣಿನ ವಾಸನೆ ಬರುತ್ತಿತ್ತು, ಗಾಳಿ ಇಲ್ಲ. ಕಿಟಕಿ ಮುಚ್ಚಿ, ಕೆಂಡ ಇಟ್ಟು, ಕೋಣೆ ಕಾಯಿಸುತ್ತ ದಿನ ಕಳೆದವು. ಹೆಸರಿಟ್ಟೆವು. ಆಮೇಲೆ ಬಿಸಿಲು ಹೆಚ್ಚಿತು. ಮಗುವಿನ ಕತ್ತು, ಬೆನ್ನು ತುಂಬ ಬೆವರುಸಾಲೆ. ಮೊಲೆಗೆ ಬಾಯಿ ಹಚ್ಚಿ ಎರಡು ಸಲ ಚೀಪಿ ಬಿಟ್ಟುಬಿಡುತ್ತಿತ್ತು.

"ಅಮ್ಮ, ಇದೂ ಹಾಲು ಬಿಡ್ತಿದೆ," ಎಂದಳು ಮಗಳು. "ಇದೂ" ಎಂದಳು.

ಮರುದಿನ, ಅಂದರೆ ಶನಿವಾರ, ಅತ್ತೆ ಸೋಮೇಶ್ವರನ ಗುಡಿಗೆ ಹೋಗಿದ್ದಾಗ ಯಜಮಾನರು ಅಗ್ಗಿಷ್ಟಿಕೆ ಹೊರಗಿಟ್ಟು, ಕಿಟಕಿ ತೆಗೆದು, ಏಣಿ ಹಾಕಿ ಮಾಡಿನ ಒಂದು ಹೆಂಚನ್ನು ಎತ್ತಿ ಕಾವು ಹೋಗಲು ದಾರಿ ಮಾಡಿದರು. ಅತ್ತೆ ಬಂದು ಕೂಗಾಡಿದರು. ಕಿಟಕಿ ಮುಚ್ಚಲು ಇವರು ಬಿಡಲಿಲ್ಲ, ಕೆಂಡ ಇಡಕೂಡದೆಂದು ನನಗೆ ಕಟ್ಟುಮಾಡಿದರು. ಸಂಜೆಯವರೆಗೂ ಕಿಟಕಿಯಿಂದ ಹಿತ್ತಲ ಬಿಸಿಗಾಳಿಯೂ ಧೂಳೂ ಬಂದವು. ಕೊಳವೆ ಸತ್ತಂತಿತ್ತು. ಮಗು ಅತ್ತು ಅತ್ತು ದನಿ ಕುಗ್ಗಿತು.

ಹೀಗಿತ್ತು ಭಾನುವಾರದ ಬೆಳಗ್ಗೆ, ಮೊದಲು ಹೇಳಿದ ಆ ಕೆಲಸಗಳನ್ನು ನಾನು ಮಾಡಿದ ಬೆಳಗ್ಗೆ. ಅತ್ತೆ ಎದ್ದವರೇ ಕಿಟಕಿ ಮುಚ್ಚಿ ಅಗುಳಿ ಹಾಕಿದ್ದರು. ಹೆಂಚನ್ನೂ ಮುಚ್ಚಿಸುತ್ತಿದ್ದರು, ಅದಕ್ಕೆ ಏಣಿ ಬೇಕಿತ್ತು, ಏಣಿ ಯಜಮಾನರ ಹತ್ತಿರ ಹಿತ್ತಲಲ್ಲಿತ್ತು. ನೀರು ಹಾಕಿಸಿಕೊಂಡು ಬಂದ ಮಗಳನ್ನು ಮಂಚದಲ್ಲಿ ಮಲಗಿಸಿ, ಮಗುವನ್ನು ಪಕ್ಕಕ್ಕೆ ಹಾಕಿ, ಅವಳ ಕೂದಲನ್ನು ಅಗ್ಗಿಷ್ಟಿಕೆಗೆ ಕವುಚಿದ ಬುಟ್ಟಿಯ ಮೇಲೆ ಹರಡಿದೆ. ಅತ್ತೆ ಕೆಂಡಕ್ಕೆ ಸಾಂಬ್ರಾಣಿ ಹಾಕಿದರು.

ಆ ಕೋಣೆಯಲ್ಲಿ ಹೊಗೆ ಹಾಕಿದರೆ ನಮ್ಮೆಲ್ಲರ ಕಣ್ಣಲ್ಲೂ ನೀರು ಬರುವುದು ರೂಢಿ. ಅವತ್ತು ಬರಲಿಲ್ಲ. ಹೊಗೆ ಕೋಣೆ ತುಂಬದೆ, ದಾರ ಎಳೆದಂತೆ ನೆಟ್ಟಗೆ ಮೇಲೆದ್ದು, ಎತ್ತಿದ ಹೆಂಚಿನ ಸಂದಿಯಲ್ಲಿ ಹೊರಟುಹೋಯಿತು. ಮೂಲೆಯಲ್ಲಿ ಪಂಚೆಯ ತುಂಡು ಹೊಟ್ಟೆ ಉಬ್ಬಿಸಿಕೊಂಡಿತು.

ಅದನ್ನು ಮೊದಲು ನೋಡಿದವರು ಅತ್ತೆ. "ಗಾಳಿ!" ಎಂದರು. ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯನ್ನು ಉಂಡೆಮಾಡಿ ಕೊಳವೆಯ ಬಾಯಿಗೆ ತುರುಕಿಬಿಟ್ಟರು. ತುರುಕಿದ ಕ್ಷಣವೇ ಹೊಗೆ ನಿಂತಲ್ಲೇ ಬಳುಕಿ, ಕೋಣೆಯಲ್ಲೆಲ್ಲ ಹರಡಿತು, ಮಗು ಕೆಮ್ಮಿತು.

ನಾನು ಕೂಗಿದ್ದಕ್ಕೆ ಯಜಮಾನರು ಓಡಿಬಂದರು. ಕೆಂಡ ನೋಡಿ ಮೊದಲು ನನ್ನ ಕಡೆ ತಿರುಗಿದರು. ಆಮೇಲೆ ಹೊಗೆ ನೋಡಿದರು, ಬಟ್ಟೆಯುಂಡೆ ನೋಡಿದರು.

"ಆ ಇಟಲಿಯವನು ಹೇಳಿದ್ದ," ಎಂದರು ನಿಧಾನಕ್ಕೆ. "ಗಾಳೀನ ತಳ್ಳಬೇಡ, ಎಳೀಬೇಕು ಅಂತ. ನಾನು ಎಳೆಯೋದನ್ನೇ ತೆಗೆದು ಹೊರಗಿಟ್ಟಿದ್ದೆ. ಅಮ್ಮ, ಈ ಕೆಂಡದ ಬಿಸಿ ಆ ಹೆಂಚಿನ ಸಂದೀಲಿ ಮೇಲೆ ಹೋಗ್ತಾ ಕೋಣೆ ಗಾಳೀನೂ ಎಳ್ಕೊಂಡು ಹೋಗ್ತಿದೆ. ಕಿಟಕಿ ಮುಚ್ಚಿದೆ ಅಂತಲೇ ಆ ಜಾಗಕ್ಕೆ ಪೈಪಿಂದ ಬರ್ತಿದೆ. ಕಿಟಕಿ ತೆಗೆದಿದ್ರೆ ಅಲ್ಲಿಂದಲೇ ಬಂದ್ಬಿಡೋದು. ನೀನು ಮಾಡಿದ್ದೇ ಸರಿ ಆಯ್ತು."

"ನಿನ್ನ ಪೈಪಿಗೆ ಅಂತ ನಾನೇನ್ ಕೆಂಡ ಹಾಕಿದ್ನಾ? ಬಾಣಂತಿಗೆ ಹಾಕ್ದೆ. ಹೋಗು, ಹೆಂಚು ಮುಚ್ಚು. ಗಾಳಿ ಬೇಡ."

"ಅಮ್ಮ, ಇದು ಕಿಟಕಿ ಗಾಳಿ ಅಲ್ಲ..."

"ಗಾಳಿ ಗಾಳೀನೇ. ಒಂದನ್ನ ಕಳ್ಕೊಂಡಿದ್ದು ಸಾಕಾಗಿಲ್ವಾ ನಿಂಗೆ?"

ಅಷ್ಟು ದಿನ ಇಬ್ಬರೂ ಹಿಡಿದಿಟ್ಟುಕೊಂಡಿದ್ದ ಮಾತು ಅದು. ಆಗ ಮಗಳು ಕಿವಿಯ ಹತ್ತಿ ತೆಗೆದು ಎದ್ದು ಕೂತಳು.

"ಅಜ್ಜಿ, ಆ ಬಟ್ಟೆ ತೆಗಿ."

"ಮಲ್ಕೊಳೇ ನೀನು."

"ಈಗ ಒಂದು ಗಳಿಗೆ ಬಂತಲ್ಲ, ಅಷ್ಟರಲ್ಲಿ ಇವಳು ಬಾಯಿ ಹಚ್ಚಿದ್ಲು. ನೀನು ಮುಚ್ಚಿದ ತಕ್ಷಣ ಬಿಟ್ಲು. ತೆಗಿ ಅಜ್ಜಿ. ನಿನ್ನ ಕೈ ಅಲ್ಲೇ ಇಟ್ಕೊ. ನಿಂಗೆ ಶೀತ ಅನ್ಸಿದ್ರೆ ಮತ್ತೆ ಮುಚ್ಚು. ನಾನೇನೂ ಕೇಳಲ್ಲ."

ಅತ್ತೆ ಮಗುವನ್ನು ಮೊಮ್ಮಗಳ ತೊಡೆಯಿಂದ ಎತ್ತಿ, ಅದರ ಅಂಗಾಲನ್ನು ತಮ್ಮ ಅಂಗೈಯಲ್ಲಿ ಹಿಡಿದರು. ಶೀತ ತಾಗಿದರೆ ಮೊದಲು ಗೊತ್ತಾಗುವುದು ಅಂಗಾಲಲ್ಲಿ ಎಂಬುದು ಅವರ ಲೆಕ್ಕ. ಇನ್ನೊಂದು ಕೈಯಿಂದ ಬಟ್ಟೆಯುಂಡೆ ಕಿತ್ತರು. ಪಂಚೆಯ ತುಂಡು ಮತ್ತೆ ಉಬ್ಬಿತು. ಕೊಳವೆಯ ಮುಂದೆ ಮುಂಗೈ ಒಡ್ಡಿ, ಹಿಂದುಮುಂದು ತಿರುಗಿಸಿ ನೋಡಿದರು.

"ಬಾವಿ ಕಟ್ಟೆ ಮೇಲೆ ಕೂತ ಹಾಗಿದೆ," ಎಂದರು ಕೊನೆಗೆ. "ತಣ್ಣಗಿಲ್ಲ. ಬೆಚ್ಚಗೂ ಇಲ್ಲ."

"ಅಷ್ಟೇ ಅದು," ಎಂದರು ಯಜಮಾನರು.

"ನಿನ್ನನ್ನ ಕೇಳಲಿಲ್ಲ."

ಅಲ್ಲೇ ಒಂದು ಏರ್ಪಾಡಾಯಿತು. ಅಗ್ಗಿಷ್ಟಿಕೆಯನ್ನು ಮಂಚದಿಂದ ದೂರ, ನೇರ ಆ ಹೆಂಚಿನ ಸಂದಿಯ ಕೆಳಗೆ ಸರಿಸಿದೆವು. ಕೆಂಡ ಆರಿದರೆ ತುಂಬುವುದು ನನ್ನ ಕೆಲಸ. ಕಿಟಕಿಯ ಅಗುಳಿ ಅತ್ತೆಯ ಸುಪರ್ದು. ಮಗುವಿನ ಅಂಗಾಲು ತಣ್ಣಗಾದರೆ ಕೊಳವೆ ಮುಚ್ಚುವ ಅಧಿಕಾರವೂ ಅವರದೇ. ಅದಕ್ಕೆಂದು ಕೊಳವೆಯ ಪಕ್ಕ ಮಣೆ ಹಾಕಿಕೊಂಡು, ಮಗುವನ್ನು ಕಾಲಮೇಲೆ ಮಲಗಿಸಿಕೊಂಡು, ಬಟ್ಟೆಯುಂಡೆ ಹಿಡಿದು ಕೂತರು. ಹಸಿದಾಗ ಮಾತ್ರ ಮಗು ತಾಯಿಯ ಹತ್ತಿರ ಹೋಗಿ ಮತ್ತೆ ಅವರ ಕಾಲಮೇಲೆ ಬರುತ್ತಿತ್ತು. ಬಿಸಿಲು ನೆತ್ತಿಗೇರಿತು. ಅಡುಗೆಮನೆಯ ಬೆಣ್ಣೆ ಕರಗಿ ಬಟ್ಟಲಲ್ಲಿ ನೀರಾಯಿತು. ಇನ್ನೊಂದು ಬಟ್ಟಲಲ್ಲಿ ಸ್ವಲ್ಪ ಬೆಣ್ಣೆಯನ್ನು ಕೊಳವೆಯ ಮುಂದೆ ಇಟ್ಟಿದ್ದೆ. ಅದು ಮೆತ್ತಗಾಯಿತು, ಕರಗಲಿಲ್ಲ. ಹೆಂಚಿನ ಕಾವು ಪೂರ್ತಿ ಹೋಗಲಿಲ್ಲ, ನಾನು ಹೆಚ್ಚು ಹೇಳಬಾರದು. ಉಸಿರು ಕಟ್ಟುವುದು ನಿಂತಿತು. ಮಗು ಒಮ್ಮೆ ಕುಡಿಯಿತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕುಡಿಯಿತು. ಮಗಳು ಸೂರು ನೋಡುತ್ತ ಕಣ್ಣೊರೆಸಿಕೊಂಡಳು.

ಆ ಮಗು ಉಳಿಯಿತು. ಈಗ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಾಳೆ. ನೆಲದ ಗಾಳಿಯಿಂದಲೇ ಉಳಿದಳೆಂದು ಯಜಮಾನರೂ, ಕಿಟಕಿ ಮುಚ್ಚಿದ್ದರಿಂದ ಉಳಿದಳೆಂದು ಅತ್ತೆಯೂ ಈಗಲೂ ಹೇಳುತ್ತಾರೆ. ಇಟಲಿಯವನು ಯುದ್ಧ ಮುಗಿದ ಮೇಲೆ ತನ್ನ ಕುದಿಯುವ ಊರಿಗೆ ಹೋದನಂತೆ, ಅಲ್ಲಿ ಏನು ಉಳಿದಿತ್ತೋ ಗೊತ್ತಿಲ್ಲ.

ಆ ಭಾನುವಾರ ಮಗಳಿಗೆ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ನಮಗೆ ರಾಗಿ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು, ನೀರು ಮಜ್ಜಿಗೆ. ಯಜಮಾನರು ನಡುಮನೆಯಲ್ಲಿ ಉಂಡರು. ಅತ್ತೆ ಏಳಲು ಒಪ್ಪಲಿಲ್ಲ. ತಟ್ಟೆಯನ್ನು ಕೊಳವೆಯ ಹತ್ತಿರವೇ ತಂದುಕೊಟ್ಟೆ, ಮಗುವನ್ನು ಅಷ್ಟು ಹೊತ್ತು ನಾನು ಹಿಡಿದೆ. ಉಂಡು ಕೈತೊಳೆದು ಮತ್ತೆ ಈಸಿಕೊಂಡರು. ನಾನು ಪಾತ್ರೆ ಬೆಳಗಿ ಬಂದು ಇಣುಕಿದಾಗ ಮಗಳು ಇನ್ನೂ ಎಚ್ಚರವಾಗಿದ್ದಳು, ಸದ್ದು ಮಾಡಬೇಡವೆಂದು ಕೈಯಾಡಿಸಿದಳು. ಮಗು ಕಣ್ಣು ಬಿಟ್ಟುಕೊಂಡು ಮುಷ್ಟಿ ಚೀಪುತ್ತಿತ್ತು. ಎಲ್ಲರಿಗಿಂತ ಮೊದಲು ನಿದ್ದೆಹೋಗಿದ್ದವರು ಅತ್ತೆ, ಗೋಡೆಗೆ ಒರಗಿ, ಒಂದು ಕೈಯಲ್ಲಿ ಮಗುವಿನ ಅಂಗಾಲು, ಇನ್ನೊಂದರಲ್ಲಿ ಬಟ್ಟೆಯ ಉಂಡೆ.